ಅಂಬಾದಾಸ ಕಾಕಾರ ಹಕ್ಕಿ ರಿಜಿಸ್ಟರ್

ಅಂಬಾದಾಸ ಕಾಕಾ ಮನುಷ್ಯರನ್ನು ನಂಬುವುದಿಲ್ಲ ಎನ್ನುವುದು ಮಣಿಕೊಂಡದ ಆ ಗಲ್ಲಿಗೆಲ್ಲ ಗೊತ್ತಿತ್ತು. ಹಕ್ಕಿಗಳನ್ನೂ ನಂಬುವುದಿಲ್ಲ ಎನ್ನುವುದು ನನಗೆ ತಿಳಿದದ್ದು ಅವರ ಮನೆಯ ಮಹಡಿಗೆ ಬಾಡಿಗೆಗೆ ಹೋದ ಮೇಲೆ.

ಅದು 2005ರ ಬೇಸಿಗೆ. ನಾನು ಮೈಸೂರಿನಿಂದ ಹೈದರಾಬಾದಿಗೆ ಬಂದು ಕೊಂಡಾಪುರದ ಒಂದು ಕಂಪನಿಯಲ್ಲಿ ಟೆಸ್ಟರ್ ಕೆಲಸಕ್ಕೆ ಸೇರಿದ್ದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಬೇಕು, ಯಾರು ಬಂದು ಎಲ್ಲ ಸರಿಯಿದೆ ಎಂದರೂ ನಂಬಬಾರದು, ಅದಕ್ಕೇ ಸಂಬಳ. ಮನೆ ಕೇಳಲು ಹೋದ ದಿನ ಕಾಕಾ ನನ್ನ ಕಂಪನಿಯ ಪತ್ರ ನೋಡಿದರು, ಅಪ್ಪನ ಫೋನ್ ನಂಬರ್ ಬರೆದುಕೊಂಡರು, ಆಮೇಲೆ ಕುರ್ಚಿಯಿಂದ ಏಳದೆಯೇ ಹೇಳಿದರು.

"ಬ್ಯಾಗ್ ತೆಗಿ ನೋಡೋಣು."

ಅಡುಗೆಮನೆಯಿಂದ ಅವರ ಹೆಂಡತಿ ಅಂಬುಬಾಯಿ ಕೂಗಿದರು. "ಏನ್ರಿ, ಇದು ಜೀಡಿಮೆಟ್ಲಾದ ಗೇಟ್ ಅಂತ ತಿಳಕೊಂಡೀರೇನು? ಬಾಡಿಗಿಗೆ ಬಂದ ಹುಡುಗಿ ಅದು. ಹೆದರಿ ಓಡಿ ಹೋಗ್ತಾಳ."

ನಾನು ಹೆದರಲಿಲ್ಲ, ಸಿಟ್ಟು ಬಂದಿತ್ತು. ಆದರೂ ಅಲ್ಲೇ ಉಳಿದೆ. ಆ ಊರಿನಲ್ಲಿ ಕನ್ನಡ ಮಾತನಾಡುವ ಮನೆ, ದಿನವಿಡೀ ನೀರು ಕೊಡುವ ಬೋರು, ರಾತ್ರಿ ಬಂದರೆ ಮುಚ್ಚಿಟ್ಟ ಜೋಳದ ರೊಟ್ಟಿ, ಇಷ್ಟು ಒಂದೇ ಕಡೆ ಸಿಕ್ಕಿದರೆ ಸಿಟ್ಟನ್ನು ಒಂದಿಷ್ಟು ನುಂಗಿಕೊಳ್ಳಬಹುದು. ಅಂಕಲ್ ಎಂದು ಕರೆದದ್ದು ಅವರಿಗೆ ಹಿಡಿಸಲಿಲ್ಲ. "ಕಾಕಾ ಅನ್ನು, ಇಕಿಗೆ ಕಾಕು ಅನ್ನು. ಅಂಕಲ್ ಅನ್ನಾವರ ಮ್ಯಾಲ ನನಗ ಡೌಟು," ಎಂದರು.

ಕಾಕಾ ಹುಮನಾಬಾದಿನ ಕಡೆಯವರು. ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯ ಗೇಟಿನಲ್ಲಿ ಇಪ್ಪತ್ತೆಂಟು ವರ್ಷ ಕೂತವರು. ಒಳಗೆ ಹೋಗುವವರ ಹೆಸರು ಬರೆಯುವುದು, ಹೊರಗೆ ಹೋಗುವವರ ಡಬ್ಬಿ, ಚೀಲ, ಜೇಬು ನೋಡುವುದು, ಮುಷ್ಟಿ ಮುಚ್ಚಿಕೊಂಡು ಬಂದವರ ಮುಷ್ಟಿ ಬಿಚ್ಚಿಸುವುದು ಅವರ ಕೆಲಸ. ಮಣಿಕೊಂಡ ಬರೀ ಬಂಡೆ, ಸೀತಾಫಲದ ಪೊದೆ ಆಗಿದ್ದ ಕಾಲದಲ್ಲಿ ಇನ್ನೂರು ಗಜದ ಜಾಗ ಹಿಡಿದು, ಅರ್ಧದಲ್ಲಿ ಮನೆ ಕಟ್ಟಿ, ಅರ್ಧವನ್ನು ತೋಟಕ್ಕೆ ಬಿಟ್ಟಿದ್ದರು. ನಾನು ಹೋಗುವ ಹೊತ್ತಿಗೆ ಸುತ್ತಲಿನ ಬಂಡೆಗಳನ್ನು ಸಿಡಿಸಿ ಸಿಡಿಸಿ ಅಪಾರ್ಟ್‌ಮೆಂಟು ಏಳುತ್ತಿದ್ದವು. ಹಕ್ಕಿಗಳಿಗೆ ಇಳಿಯಲು ಆ ಗಲ್ಲಿಯಲ್ಲಿ ಉಳಿದಿದ್ದ ಹಸಿರು ಕಾಕಾರ ತೋಟ ಒಂದೇ. ಬರುವವರೆಲ್ಲ ಒಂದೇ ಗೇಟಿನಿಂದ ಬಂದಹಾಗಾಗಿ ಕಾಕಾರಿಗೆ ಕೆಲಸ ಸುಲಭವಾಗಿತ್ತು.

ವರಾಂಡದಲ್ಲಿ ತೋಟಕ್ಕೆ ಮುಖಮಾಡಿ ಒಂದು ಮೇಜು. ಅದರ ಮೇಲೆ ಉದ್ದನೆಯ ರಿಜಿಸ್ಟರ್, ಸ್ಟೀಲಿನ ಸ್ಕೇಲು, ನೀಲಿ ಪೆನ್ನು, ಕೆಂಪು ಪೆನ್ನು. ಬೆಳಿಗ್ಗೆ ಆರಕ್ಕೆ ಕೂತರೆಂದರೆ ಹತ್ತರವರೆಗೆ ಡ್ಯೂಟಿ. ಮನೆಗೆ ಬಂದ ಹಕ್ಕಿಯ ಹೆಸರು, ಗುರುತು, ಒಳಗೆ ಬಂದ ಸಮಯ, ಬಂದ ಉದ್ದೇಶ, ಹೊರಗೆ ಹೋದ ಸಮಯ, ಕೊನೆಯಲ್ಲಿ ಷರಾ. ಮೊದಲ ಸಲ ಅದನ್ನು ಓದಿದಾಗ ನಾನು ನಗು ತಡೆಯಲಾರದೆ ಮೆಟ್ಟಿಲಮೇಲೆ ಕೂತುಬಿಟ್ಟಿದ್ದೆ.

"ಪಿಕಳಾರ, ಜೋಡಿ. ತಲೆಗೆ ಕಪ್ಪು ಟೋಪಿ, ಬಾಲದ ಬುಡ ಕೆಂಪು. ಉದ್ದೇಶ: ಕರಿಬೇವಿನ ಹಣ್ಣು. ಷರಾ: ಒಂದು ತಿನ್ನುವಾಗ ಇನ್ನೊಂದು ಕಾವಲು. ಗ್ಯಾಂಗ್ ಇರಬಹುದು."

"ಸಿಂಪಿಗ. ಉದ್ದೇಶ: ಎರಡು ಎಲೆ ಸೇರಿಸಿ ಹೊಲಿದಿದೆ. ಷರಾ: ಒಳಗೆ ಏನಿಟ್ಟಿದೆ ನೋಡತಕ್ಕದ್ದು."

"ಚಂದ್ರಮುಕುಟ, ಒಂಟಿ. ಉದ್ದೇಶ: ಹುಳ ಎಂದು ತೋರಿಸುತ್ತದೆ. ಷರಾ: ಜಾಗ ಅಳೆದಂತೆ ನಡೆಯುತ್ತದೆ."

ಆ ದಿನಗಳಲ್ಲಿ ಮಣಿಕೊಂಡದಲ್ಲಿ ಜಾಗ ಅಳೆದಂತೆ ನಡೆಯುವ ಯಾರನ್ನಾದರೂ ಅನುಮಾನಿಸುವುದು ತಪ್ಪೇನಲ್ಲ. ಎರಡು ಹಾಳೆ ತಿರುವಿದರೆ, ಕಾಗೆಗೂ ಅಳಿಲಿಗೂ ನಡುವೆ ನಾನೇ ಇದ್ದೆ. "ವತ್ಸಲಾ, ಮೈಸೂರು. ಗಡಿಯಾರ ಬಲಗೈಗೆ. ಉದ್ದೇಶ: ನೌಕರಿ ಅಂತಾಳೆ." ಆಗ ನನ್ನ ನಗು ನಿಂತಿತು.

ಆದರೆ ಒಂದು ಮಾತು ಒಪ್ಪಲೇಬೇಕು. ಗುರುತು ಹಿಡಿಯುವುದರಲ್ಲಿ ಅವರು ಗಟ್ಟಿಗರು. ಕೊಕ್ಕು, ಕಾಲು, ಬಾಲ, ಈ ಮೂರನ್ನೂ ಮೂರು ಬೇರೆ ದಿನ ನೋಡದೆ ಹೆಸರು ಬರೆಯುತ್ತಿರಲಿಲ್ಲ. ಅಲ್ಲಿಯವರೆಗೆ ಅದು "ಅಪರಿಚಿತ ನಂಬರ್ ಏಳು" ಇಲ್ಲವೇ "ಎಂಟು". ಅಬಿಡ್ಸಿನ ಭಾನುವಾರದ ಸಂತೆಯಲ್ಲಿ ನಾನು ಹಳೆಯದೊಂದು ಹಕ್ಕಿಚಿತ್ರಗಳ ಪುಸ್ತಕ ತಂದುಕೊಟ್ಟೆ. ಅದನ್ನೂ ಅವರು ನಂಬಲಿಲ್ಲ, ಚಿತ್ರಕ್ಕೂ ಹಕ್ಕಿಗೂ ತಾಳೆ ನೋಡಿ ಪುಸ್ತಕದಲ್ಲೇ ಕೆಂಪು ಪೆನ್ನಿನಲ್ಲಿ ತಿದ್ದಿದರು. ಗಿಡುಗ ಎಂದು ಎಲ್ಲರೂ ಹೇಳಿದ ಹಕ್ಕಿಯೊಂದು ಗಿಡುಗನ ಪಟ್ಟೆ ಹೊತ್ತ ಕೋಗಿಲೆ ಜಾತಿಯದು ಎಂದು ಪತ್ತೆಯಾದ ದಿನ ನನ್ನನ್ನು ಮಹಡಿಯಿಂದ ಕೂಗಿ ಕರೆದರು. "ನೋಡಿದಿ? ಪೂರಾ ಫೋರ್ಜರಿ!" ಅಷ್ಟು ಸಂತೋಷವಾಗಿ ಅವರನ್ನು ನಾನು ನೋಡಿರಲಿಲ್ಲ.

ಈ ಚಟ ಹೇಗೆ ಹತ್ತಿತು ಎಂದು ಕೇಳಿದ್ದಕ್ಕೆ ಒಂದು ಕಥೆ ಹೇಳಿದ್ದರು. ಕಾರ್ಖಾನೆಯಲ್ಲಿ ತಾಮ್ರದ ತಂತಿಯ ತುಂಡುಗಳು ಕಾಣೆಯಾಗುತ್ತಿದ್ದವು. ತಿಂಗಳಿಡೀ ಎಲ್ಲರ ಡಬ್ಬಿ ಬಿಚ್ಚಿಸಿದರೂ ಕಳ್ಳ ಸಿಗಲಿಲ್ಲ. ಕೊನೆಗೆ ಗೇಟಿನ ಬೇವಿನಮರದ ಟೊಂಗೆ ಕಡಿಯುವಾಗ ಒಂದು ಕಾಗೆಗೂಡು ಬಿತ್ತು. ಗೂಡಿಗೆ ಗೂಡೇ ತಾಮ್ರದ ತಂತಿ.

"ಅವತ್ತೇ ಗೊತ್ತಾತು ನನಗ," ಎಂದರು ಕಾಕಾ. "ಹಕ್ಕಿಗಳನ್ನೂ ರಿಜಿಸ್ಟರಿಗೆ ತಗೋಬೇಕು ಅಂತ."

ಬೇರೆ ಯಾರಾದರೂ ಆಗಿದ್ದರೆ, ಮನುಷ್ಯರ ಮೇಲೆ ಸುಮ್ಮನೆ ಅನುಮಾನಪಟ್ಟೆನಲ್ಲ ಎಂದು ಕಲಿಯುತ್ತಿದ್ದರು. ಕಾಕಾ ಕಲಿತದ್ದು ಕಾಗೆಯ ಮೇಲೂ ಅನುಮಾನಪಡಬೇಕೆಂದು. ನಾನು ಆ ಕಥೆಯನ್ನು ಆಫೀಸಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೆ.

ಸೆಪ್ಟೆಂಬರಿನಲ್ಲಿ ಪೂರ್ವದ ಕಂಪೌಂಡಿನಾಚೆಯ ಖಾಲಿ ಸೈಟಿನಲ್ಲಿ ಪಾಯ ತೋಡುವ ಕೆಲಸ ಶುರುವಾಯಿತು. ಯಾದಗಿರಿ ಕಡೆಯ ಲಿಂಗಣ್ಣ, ಅವನ ಹೆಂಡತಿ ಗದಿಗೆಮ್ಮ ಅಲ್ಲೇ ತಗಡಿನ ಶೆಡ್ಡು ಹಾಕಿಕೊಂಡರು. ಸೈಟಿನ ಸೂಪರ್‌ವೈಸರ್ ಇರಲು ಬಿಟ್ಟದ್ದು ಒಂದು ಷರತ್ತಿನ ಮೇಲೆ: ಅಕ್ಕಪಕ್ಕದವರಿಂದ ದೂರು ಬರಬಾರದು, ನೀರನ್ನು ಪಕ್ಕದ ಮನೆಯಿಂದ ಅವರೇ ಕೇಳಿ ತಂದುಕೊಳ್ಳಬೇಕು. ಎರಡು ವರ್ಷದಲ್ಲಿ ಅವರಿಗೆ ಅದು ಐದನೆಯ ಜಾಗ. ಮೊದಲ ದಿನ ಕೊಡ ಹಿಡಿದು ಬಂದ ಗದಿಗೆಮ್ಮ ಕಾಕುವನ್ನು ಕೇಳಿದ್ದು ನನಗೆ ನೆನಪಿದೆ.

"ಇಲ್ಲಿ ಆರು ತಿಂಗಳರ ಇರ್ತೀವಂತ್ರಿ ಯವ್ವಾ. ಒಂದ್ ಮೂಲ್ಯಾಗ ಪುಂಡಿಪಲ್ಯೆ ಹಾಕ್ಲೇನ್ರಿ? ಹಾಕಿದ್ದು ಕೊಯ್ದು ತಿಂದು ಭಾಳ ದಿನ ಆತು."

ಕಾಕು ಹಾಕು ಎಂದರು. ಅಂದಿನಿಂದ ಗದಿಗೆಮ್ಮ ಬೆಳಿಗ್ಗೆ ನೀರಿಗೆ ಬಂದಾಗ ಸಲಿಕೆಯನ್ನೂ ತರುತ್ತಿದ್ದಳು. ತನ್ನ ಪುಂಡಿಯ ಜೊತೆಗೆ ಕಾಕುವಿನ ಮೆಂತ್ಯ, ಬದನೆಯ ಮಡಿಗಳನ್ನೂ ಕೆದರಿ ಹದಮಾಡಿ, ಎಂಟಕ್ಕೆ ಕೆಲಸದ ಸಮಯವಾದಾಗ ಹೋಗುತ್ತಿದ್ದಳು. ಕಾಕಾ ಅವಳನ್ನೂ ಬರೆದರು. "ಗದಿಗೆಮ್ಮ. ಕೊಡ ಒಂದು, ಸಲಿಕೆ ಒಂದು. ಒಳಗೆ 7:05. ಹೊರಗೆ 7:50. ಷರಾ: ಕೂಲಿ ಕೇಳುವುದಿಲ್ಲ. ಯಾಕೆ?"

ಅದೇ ತಿಂಗಳ ನಡುವಿಗೆ ಕರೆಂಟಿನ ತಂತಿಯ ಮೇಲೆ ಅಪರಿಚಿತ ನಂಬರ್ ಹನ್ನೊಂದು ಬಂದು ಕೂತಿತು. ಮಣ್ಣುಬಣ್ಣ, ದಪ್ಪ ತಲೆ, ನೋಡುವುದಕ್ಕೆ ಏನೂ ವಿಶೇಷವಿಲ್ಲ. ನಾಲ್ಕನೆಯ ದಿನ ಅದು ನೆಲಕ್ಕೆ ಇಳಿಯಲು ರೆಕ್ಕೆ ಬಿಚ್ಚಿತು. ಒಳಗಿದ್ದ ನೀಲಿಯೆಲ್ಲ ಒಮ್ಮೆಗೇ ಹೊರಗೆ ಬಂತು.

"ಎಲಾ ಇವನಾ!" ಕಾಕಾ ಎದ್ದೇ ನಿಂತರು. "ಒಳಗ ಮಾಲ್ ಮುಚ್ಚಿಟ್ಟಾನ! ನಾಕ ದಿನಾ ನನ್ನ ಕಣ್ಣ ಮುಂದ ಕುಂತು ಮುಚ್ಚಿಟ್ಟಾನ!"

ಕಾಕು ಹಿಟ್ಟಿನ ಕೈಯಲ್ಲೇ ಓಡಿಬಂದರು. ನೋಡಿದವರೇ ಕೈಮುಗಿದರು. "ಮಾಲ್ ಅಲ್ಲ, ಅದು ನೀಲಕಂಠ."

ಹುಮನಾಬಾದಿನಲ್ಲಿ ದಸರೆಯ ದಿನ ನೀಲಕಂಠನನ್ನು ನೋಡಿದ ಮೇಲೆಯೇ ಬನ್ನಿ ಮುಡಿಯುವುದಂತೆ. ಹೈದರಾಬಾದಿನವರಿಗೂ ಅದು ಪಾಲಪಿಟ್ಟ, ದಸರೆಗೆ ನೋಡಲೇಬೇಕು. ಅದಕ್ಕೆಂದೇ ಹಬ್ಬದ ಮುಂಚೆ ಕೆಲವರು ಬಲೆಹಾಕಿ ಹಿಡಿದು, ಕಾಲಿಗೆ ದಾರ ಕಟ್ಟಿ, ಪಂಜರದಲ್ಲಿ ಮನೆಮನೆಗೆ ತೋರಿಸಿಕೊಂಡು ಬರುತ್ತಾರೆ. ಕಾಕು ಮೂವತ್ತು ವರ್ಷದಿಂದ ನೋಡಿದ್ದು ಅಂಥ ನೀಲಕಂಠನನ್ನೇ. "ರೆಕ್ಕಿ ಬಿಚ್ಚಾಕ ಬರಲಾರದ್ದನ್ನ ನೋಡಿ ಏನ್ ಬೇಡ್ಕೊಳ್ಳೋದು? ನಾ ಕಣ್ ಮುಚ್ಚಿ ಕೈ ಮುಗಿತೀನಿ ಅಷ್ಟ," ಎಂದರು.

ಕಾಕಾ ಹೆಂಡತಿಯ ಮುಖ ನೋಡಿದರು. ಅಪರೂಪಕ್ಕೆ ಮೆತ್ತಗಾದ ದನಿಯಲ್ಲಿ, "ಈ ದಸರಾಕ್ಕ ನಮ್ಮ ಕಂಪೌಂಡಿನಾಗ ನಿಂತು ನೋಡು. ನನ್ನ ಜವಾಬ್ದಾರಿ," ಎಂದರು.

ಗೇಟಿನವನಿಗೆ ಜವಾಬ್ದಾರಿ ಬಂತೆಂದರೆ ಕಳ್ಳನೂ ಬೇಕಾಗುತ್ತಾನೆ. ಹಬ್ಬಕ್ಕೆ ಇನ್ನೂ ಮೂರು ವಾರವಿತ್ತು. ಕಾಕಾ ಮೊದಲು ಪೇಪರಿನವನನ್ನು ಅನುಮಾನಿಸಿದರು, ಆಮೇಲೆ ಕೇಬಲ್ಲಿನವನನ್ನು. ಆಮೇಲೆ ಗದಿಗೆಮ್ಮ ಒಂದು ಬೆಳಿಗ್ಗೆ ತಂತಿಯ ಕಡೆ ನೋಡುತ್ತ ಕೇಳಿದಳು.

"ಈ ಹಕ್ಕಿ ದಿನಾ ಬರ್ತೈತೇನ್ರಿ ಯಪ್ಪಾ?"

"ಯಾಕ?"

"ಹಂಗ ಕೇಳಿದ್ನಿರಿ. ದಸರಾ ಯಾವತ್ತು ಬಂತ್ರಿ?"

ಕಾಕಾ ಕೆಂಪು ಪೆನ್ನಿನಲ್ಲಿ ಆ ಪ್ರಶ್ನೆಯನ್ನೂ ಬರೆದುಕೊಂಡರು. ಆ ಸಂಜೆ ಕಂಪೌಂಡಿನ ಮೇಲಿಂದ ಶೆಡ್ಡನ್ನು ಇಣುಕಿ ನೋಡಿದರು. ಒಂದು ಬುಟ್ಟಿ ಬೋರಲಾಗಿ ಬಿದ್ದಿತ್ತು, ಪಕ್ಕದಲ್ಲಿ ದಾರದ ಉಂಡೆ. ಮಹಡಿ ಹತ್ತಿ ಬಂದು ನನಗೆ ಪಿಸುಗುಟ್ಟಿದರು. "ಬುಟ್ಟಿ, ದಾರ, ದಸರಾ. ಇನ್ನೇನ ಬೇಕು?"

"ಕಾಕಾ, ಅವಳಿಗೆ ಒಂದು ಕೋಳಿ ಇದೆ. ಅದನ್ನು ಮುಚ್ಚೋದಕ್ಕೆ ಬುಟ್ಟಿ ಇರಬಹುದು. ಅವಳನ್ನೇ ಕೇಳಿಬಿಡಿ."

"ಯಾರ ಮ್ಯಾಲ ಅನುಮಾನ ಐತೋ ಅವರಿಗೆ ಅದು ಗೊತ್ತಾಗಬಾರದು. ಅದು ಗೇಟಿನ ಮೊದಲನೇ ಪಾಠ."

ಅಲ್ಲಿಗೆ ಬಿಟ್ಟಿದ್ದರೆ ಅದು ಕಾಕಾರ ನೂರು ಅನುಮಾನಗಳಲ್ಲಿ ಒಂದಾಗಿ ಹೋಗುತ್ತಿತ್ತೋ ಏನೋ. ಬಿಡಲಿಲ್ಲ ನಾನು. ಬುದ್ಧಿವಂತಿಕೆ ತೋರಿಸುವ ಅವಕಾಶ ಸಿಕ್ಕರೆ ಕೈ ಸುಮ್ಮನಿರುವ ವಯಸ್ಸಲ್ಲ ಅದು. ರಿಜಿಸ್ಟರನ್ನು ಮೇಲೆ ತಂದು, ಎರಡು ರಜೆಯ ದಿನ ಕೂತು, ಅಷ್ಟನ್ನೂ ನನ್ನ ಕಂಪ್ಯೂಟರಿನಲ್ಲಿ ಎಕ್ಸೆಲ್ಲಿಗೆ ಹಾಕಿದೆ. ಹಕ್ಕಿ ಹೊರಗೆ ಹೋದ ಸಮಯ ಒಂದು ಸಾಲು, ಗದಿಗೆಮ್ಮ ಹೊರಗೆ ಹೋದ ಸಮಯ ಇನ್ನೊಂದು ಸಾಲು. ಎರಡು ಗೆರೆಗಳೂ ಒಂದರ ಬೆನ್ನಿಗೆ ಇನ್ನೊಂದು ಅಂಟಿಕೊಂಡು ಹೋದವು. ಹತ್ತೊಂಬತ್ತು ದಿನಗಳಲ್ಲಿ ಹದಿನಾರು ದಿನ, ಅವಳು ಹೋದ ಹತ್ತು ನಿಮಿಷದೊಳಗೆ ನೀಲಕಂಠನೂ ತೋಟ ಬಿಟ್ಟು ಸೈಟಿನ ಕಡೆಗೇ ಹೋಗಿತ್ತು.

ಕಾಕು ಅದನ್ನು ನೋಡಿ ಮೂಗು ಮುರಿದರು. "ಕಾಗಿ ಕುಂದ್ರೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿ ಆಗಿರಬೇಕು. ಸುಮ್ಮನ ಇರ್ರಿ ಇಬ್ರೂ."

"ಕಾಕು, ಒಂದು ದಿನ ಆದರೆ ಕಾಗೆ ಕೂತದ್ದು. ಹದಿನಾರು ದಿನ ಆದರೆ ಕಾಗೆ ಕೂತದ್ದಲ್ಲ," ಎಂದೆ. ಆಫೀಸಿನಲ್ಲಿ ಮಾತನಾಡುವ ದನಿಯಲ್ಲೇ ಎಂದೆ. ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಕಾಕಾ ಆ ಗೆರೆಗಳನ್ನು ಬಹಳ ಹೊತ್ತು ನೋಡಿದರು. "ಇಕಿ ಹೋಗ್ತಾಳ, ಅಂವ ಹಿಂದ ಹೋಗ್ತಾನ. ಪಳಗಿಸಾಕತ್ತಾಳ. ದಸರಾ ಹಿಂದಿನ ದಿನ ಬುಟ್ಟಿ ಬೀಳ್ತೈತಿ." ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ಶಾಣ್ಯಾಕಿ ಅದಿ," ಎಂದರು. ನಾಲ್ಕು ತಿಂಗಳಿಗೆ ಮೊದಲ ಸಲ ಅವರು ನನ್ನನ್ನು ನಂಬಿದ್ದರು. ನನಗೆ ಖುಷಿಯಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಹಬ್ಬಕ್ಕೆ ಮೂರು ದಿನವಿರುವಾಗ ಕಾಕಾ ಸೂಪರ್‌ವೈಸರನ್ನು ಕಂಡು ಬಂದರು. ನೀರು ಕೊಡಲಾಗುವುದಿಲ್ಲ, ಶೆಡ್ಡಿನವರ ಮೇಲೆ ಅನುಮಾನವಿದೆ ಎಂದರು. ಹಕ್ಕಿಯ ಮಾತು ಎತ್ತಲಿಲ್ಲ. ಆತ ಏನನುಮಾನ ಎಂದು ಕೇಳಲೂ ಇಲ್ಲ. "ಮನಕೆಂದುಕು ಸಾರ್ ಗೊಡವ, ಮಾರ್ಚೇಸ್ತಾ," ನಮಗ್ಯಾಕೆ ಜಗಳ, ಬದಲಾಯಿಸಿಬಿಡುತ್ತೇನೆ, ಎಂದನಂತೆ. ಅಷ್ಟೇ. ಒಂದು ಸಂಸಾರ ಎತ್ತಿಹಾಕಲು ಅಷ್ಟು ಸಾಕಾಗಿತ್ತು.

ಮಾರನೆಯ ಬೆಳಿಗ್ಗೆ ನಾನು ಕ್ಯಾಬ್ ಹತ್ತುವಾಗ ತಗಡುಗಳು ಆಗಲೇ ಟ್ರ್ಯಾಕ್ಟರಿನಲ್ಲಿದ್ದವು. ಅವುಗಳ ಮೇಲೆ ಗದಿಗೆಮ್ಮ, ಮಡಿಲಲ್ಲಿ ಆ ಬುಟ್ಟಿ, ಬುಟ್ಟಿಯ ಸಂದಿಯಿಂದ ಕತ್ತು ಹೊರಹಾಕಿದ ಕೋಳಿ, ಕೋಳಿಯ ಕಾಲಿಗೆ ಆ ದಾರ. ಕೋಳಿಯನ್ನು ನೋಡಿದಾಗಲೇ ನಾನು ಕ್ಯಾಬಿನಿಂದ ಇಳಿಯಬೇಕಾಗಿತ್ತು. ಒಂಬತ್ತೂವರೆಗೆ ಮೀಟಿಂಗ್ ಇತ್ತು, ಇಳಿಯಲಿಲ್ಲ. ಕಾಕು ದೇವಸ್ಥಾನದಿಂದ ಬರುವಷ್ಟರಲ್ಲಿ ಶೆಡ್ಡು ಇರಲಿಲ್ಲ. ನಲ್ಲಿಯ ಹತ್ತಿರ ಕಾಕು ಕೊಟ್ಟಿದ್ದ ಹಳೆಯ ಕೊಡವನ್ನು ತೊಳೆದು ಬೋರಲು ಹಾಕಿತ್ತು. "ಹೇಳದ ಹೋದ್ಳಲ್ಲ," ಎಂದು ಕಾಕು ಎರಡು ಮೂರು ಸಲ ಅಂದರು. ನಾನೂ ಕಾಕಾನೂ ಬಾಯಿ ಬಿಡಲಿಲ್ಲ.

ದಸರೆಯ ಬೆಳಿಗ್ಗೆ ಕಾಕು ಇಳಕಲ್ ಸೀರೆ ಉಟ್ಟು ಐದೂಮುಕ್ಕಾಲಿಗೇ ಕಂಪೌಂಡಿನ ಹತ್ತಿರ ನಿಂತರು. ಕಾಕಾ ರಿಜಿಸ್ಟರನ್ನು ಅಲ್ಲಿಗೇ ತಂದರು. ಪಿಕಳಾರ ಬಂತು, ಸೂರಕ್ಕಿ ಬಂತು, ಗೊರವಂಕಗಳು ಬಂದು ಜಗಳವಾಡಿ ಹೋದವು. ತಂತಿ ಖಾಲಿ. ಏಳಾಯಿತು, ಏಳೂವರೆ, ಎಂಟು. ಸೈಟಿನಲ್ಲಿ ಅರ್ಧ ತೋಡಿದ ಪಾಯ ಒಣಗಿ ಬಿರುಕುಬಿಟ್ಟಿತ್ತು. ಕಾಕುವಿನ ಮಡಿಗಳ ಮಣ್ಣು ಮೂರು ದಿನಕ್ಕೇ ಗಟ್ಟಿಯಾಗಿತ್ತು.

"ನಿನ್ನೆ ಬಂದಿತ್ತೇನ್ರಿ?" ಕಾಕು ಕೇಳಿದರು.

"ಇಲ್ಲ."

"ಮೊನ್ನೆ?"

ಕಾಕಾ ಹಾಳೆ ತಿರುವಿದಂತೆ ಮಾಡಿದರು. ಮೊನ್ನೆಯೂ ಇಲ್ಲ, ಟ್ರ್ಯಾಕ್ಟರ್ ಹೋದದ್ದು ಅವತ್ತೇ.

ನಾನು ಮೇಲೆ ಹೋಗಿ ಕಂಪ್ಯೂಟರ್ ಹಾಕಿದೆ. ಹೊರಗೆ ಹೋದ ಸಮಯವನ್ನಷ್ಟೇ ಹಿಡಿದು ಕೂತಿದ್ದೆನಲ್ಲ, ಒಳಗೆ ಬಂದ ಸಮಯವನ್ನು ಈಗ ನೋಡಿದೆ. ಗದಿಗೆಮ್ಮ 7:05, ನೀಲಕಂಠ 7:20. ಗದಿಗೆಮ್ಮ 7:15, ನೀಲಕಂಠ 7:25. ಅವಳು ಜ್ವರವೆಂದು ಬಾರದ ಎರಡು ದಿನ, ಹಕ್ಕಿಯೂ ಇಲ್ಲ. ಹತ್ತೊಂಬತ್ತು ದಿನದಲ್ಲಿ ಒಂದು ದಿನವೂ ಅದು ಅವಳಿಗಿಂತ ಮೊದಲು ಬಂದಿರಲಿಲ್ಲ. ಅವಳು ಮಣ್ಣು ಕೆದರಿದಲ್ಲಿಗೆ ಅದು ಬರುತ್ತಿತ್ತು. ಇಲ್ಲಿ ಮುಗಿಸಿ ಅಲ್ಲಿ ಪಾಯ ತೋಡಲು ಹೋದರೆ ಅಲ್ಲಿಗೆ ಹೋಗುತ್ತಿತ್ತು. ಇಡೀ ಸಂಗತಿ ನನ್ನ ಮುಂದೆಯೇ ಇತ್ತು. ನನಗೆ ಬೇಕಾದ ಅರ್ಧವನ್ನಷ್ಟೇ ನಾನು ನೋಡಿದ್ದೆ.

ಕೆಳಗಿಳಿದು ಕಾಕುವಿನ ಎದುರಿಗೇ ಎಲ್ಲ ಹೇಳಿದೆ, ಸೂಪರ್‌ವೈಸರನ್ನು ಕಂಡದ್ದನ್ನೂ. ಕಾಕಾ ನನ್ನನ್ನು ನಂಬದೆ ಸ್ಕೇಲು ಇಟ್ಟು ಸಾಲು ಸಾಲಾಗಿ ತಾವೇ ತಾಳೆ ನೋಡಿದರು. ಕೊನೆಯ ಸಾಲಿಗೆ ಬಂದಾಗ ಸ್ಕೇಲು ಅಲ್ಲೇ ನಿಂತಿತು.

ಕಾಕು ನನ್ನ ಕಡೆ ತಿರುಗಿದರು.

"ಕಾಗಿಗೂಡಿನ ಕಥಿ ಹೇಳ್ಯಾರೇನು ನಿನಗ?"

"ಹೇಳಿದಾರೆ."

"ಅಮರೇಶಪ್ಪಂದು?"

ನನಗೆ ಅರ್ಥವಾಗಲಿಲ್ಲ. ಕಾಕಾ ತಲೆ ಎತ್ತಲಿಲ್ಲ.

"ಹೇಳಿರಂಗಿಲ್ಲ. ಲಿಂಗಸುಗೂರಿನಾಂವ, ಒಳಗ ಪ್ಯಾಕಿಂಗ್ ಮಾಡಾಂವ. ಅವನ ಡಬ್ಬಿ ಹಿಡಿಕಿ ಮುರದಿತ್ತು, ಅದಕ್ಕ ಒಂದ್ ಗೇಣ ತಂತಿ ಸುತ್ತಿದ್ದ. ಇವ್ರು ಹಿಡದು ಕೊಟ್ರು, ಅವನ್ನ ನೌಕರಿ ಬಿಡಿಸಿದ್ರು. ಗೂಡು ಬಿದ್ದದ್ದು ಅದಾಗಿ ಎಂಟ ದಿನಕ್ಕ. ನಾ ಅವತ್ತ ಕಾಲ ಹಿಡಕೊಂಡು ಹೇಳೀನಿ, ಹೋಗಿ ಸಾಹೇಬ್ರಿಗೆ ಹೇಳ್ರಿ, ಅವನ್ನ ಕರೀರಿ ಅಂತ. ನನ್ನ ನೌಕರಿ ಹೋಗ್ತೈತಿ ಅಂದ್ರು." ಕಾಕು ಈಗ ಕಾಕಾರ ಕಡೆ ತಿರುಗಿದರು. "ಆವಾಗ ನೌಕರಿ ಇತ್ತು, ಹೆದರಿಕಿ ಇತ್ತು. ಈಗ ಯಾರ ಹೆದರಿಕಿರಿ ನಿಮಗ?"

ತಮಾಷೆಯೆಂದು ಆಫೀಸಿನಲ್ಲಿ ಹೇಳಿ ನಗಿಸಿದ್ದ ಕಥೆ ಅದು. ಕಾಕಾ ರಿಜಿಸ್ಟರ್ ಮುಚ್ಚಿ ಒಳಗೆ ಹೋದರು. ಅತ್ತರೋ ಏನೋ ಗೊತ್ತಿಲ್ಲ. ಹೊರಗೆ ಬಂದಾಗ ಟೋಪಿ ಹಾಕಿಕೊಂಡಿದ್ದರು, ಪೂಜೆಗೆ ತಂದಿಟ್ಟಿದ್ದ ಬನ್ನಿಯ ಟೊಂಗೆ ಕೈಯಲ್ಲಿತ್ತು.

"ಆಟೋ ಕರಿ," ಎಂದರು.

ಸೂಪರ್‌ವೈಸರ್ ಫೋನಿನಲ್ಲಿ ಹೇಳಿದ ಜಾಗ ಕೊಂಡಾಪುರದಲ್ಲಿ ನನ್ನ ಆಫೀಸಿಗೆ ಹೋಗುವ ದಾರಿಯಲ್ಲೇ ಇತ್ತು. ಹದಿನಾಲ್ಕು ಮಹಡಿ ಏಳಲಿದ್ದ ಸೈಟು. ಹಬ್ಬವಾದರೂ ಕೆಲಸ ನಡೆದಿತ್ತು. ಸುತ್ತ ನೀಲಿ ತಗಡಿನ ಬೇಲಿ, ಕಬ್ಬಿಣದ ಗೇಟು, ಗೇಟಿಗೆ ಒಂದು ಮೇಜು, ಮೇಜಿನ ಮೇಲೆ ರಿಜಿಸ್ಟರ್. ಇಪ್ಪತ್ತೆರಡರ ಒಬ್ಬ ಗಾರ್ಡು ಕಾಕಾರನ್ನು ಮೇಲಿಂದ ಕೆಳಗೆ ನೋಡಿ ಪೆನ್ನು ಚಾಚಿದ.

ಕಾಕಾ ಹೆಸರು ಬರೆದರು. ವಿಳಾಸ ಬರೆದರು. ಒಳಗೆ ಬಂದ ಸಮಯ ಬರೆದರು. "ಬಂದ ಉದ್ದೇಶ" ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಪಿಕಳಾರಕ್ಕೆ, ಸಿಂಪಿಗಕ್ಕೆ, ನನಗೆ, ಗದಿಗೆಮ್ಮನಿಗೆ, ಎಲ್ಲರಿಗೂ ಆ ಕಾಲಮ್ಮನ್ನು ತಾವೇ ತುಂಬಿದವರು, ತಮ್ಮದನ್ನು ತುಂಬಲಾರದೆ ಖಾಲಿ ಬಿಟ್ಟು ಪೆನ್ನು ಇಟ್ಟರು.

ಗಾರ್ಡು ಬಿಡಲಿಲ್ಲ. ಯಾಕೆ ಬಂದದ್ದು ಹೇಳಿ ಎಂದ.

"ಮಾಫಿ ಮಾಂಗ್ನೇಕೂ ಆಯಾ," ಕ್ಷಮೆ ಕೇಳಲು ಬಂದೆ, ಎಂದರು ಕಾಕಾ.

"ಕಿಸ್ ಸೇ?"

"ಗದಿಗೆಮ್ಮ ಸೇ. ಲೇಬರ್ ಹೈ."

ಗಾರ್ಡು ನನ್ನನ್ನು ನೋಡಿದ, ಕಾಕುವನ್ನು ನೋಡಿದ, ಮತ್ತೆ ಕಾಕಾರನ್ನು ನೋಡಿದ. ಅವನ ಮುಖದಲ್ಲಿ ಅನುಮಾನ ಗಟ್ಟಿಯಾಯಿತು. "ಲೇಬರ್ ಸೇ ಮಾಫಿ? ಅಸಲಿ ಕಾಮ್ ಬೋಲೋ ಚಾಚಾ." ನಿಜವಾದ ಕೆಲಸ ಏನು ಅದನ್ನು ಹೇಳಿ ಎನ್ನುತ್ತಿದ್ದ. ನನಗೆ ರೇಗಿತು, ಅವನ ಮೇಲೆ ಕೂಗಾಡಲು ಹೋದೆ. ಕಾಕಾ ನನ್ನ ತೋಳು ಹಿಡಿದರು. ಅವನು ಸರಿಯಾಗಿಯೇ ಕೆಲಸ ಮಾಡುತ್ತಿದ್ದಾನೆ ಎಂದು ಅವರಿಗೆ ಗೊತ್ತಿತ್ತು. ಅಸಲಿ ಕೆಲಸ ಅದೇ ಎಂದು ಮತ್ತೆ ಎರಡು ಸಲ ಹೇಳಿದ ಮೇಲೆ, ಒಳಗೆ ಬಿಡಲಾಗುವುದಿಲ್ಲ, ಐದು ನಿಮಿಷ ಅವಳನ್ನೇ ಕರೆಸುತ್ತೇನೆ ಎಂದ.

ಗದಿಗೆಮ್ಮ ಮೊಣಕಾಲವರೆಗೆ ಕೆಸರಾಗಿ ಬಂದಳು. ನಮ್ಮನ್ನು ಕಂಡದ್ದೇ ಮೊದಲು ಹೆದರಿದಳು, ಏನೋ ಕಳವಾಗಿದೆ ಎಂದುಕೊಂಡಿರಬೇಕು. "ನಾ ಏನೂ ಒಯ್ದಿಲ್ರಿ ಯವ್ವಾ. ಕೊಡ ಅಲ್ಲೇ ಇಟ್ಟೀನ್ರಿ."

ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾಕಾ ಹೇಳಿದರು. ಸುತ್ತಿ ಬಳಸದೆ ಹೇಳಿದರು: ಬುಟ್ಟಿ ನೋಡಿದ್ದು, ದಾರ ನೋಡಿದ್ದು, ಅವಳು ನೀಲಕಂಠನನ್ನು ಹಿಡಿಯುತ್ತಾಳೆ ಎಂದುಕೊಂಡದ್ದು, ದೂರು ಕೊಟ್ಟದ್ದು. ನಡುವೆ ನಾನು "ನಾನೂ" ಎಂದೆ. ಅಷ್ಟೇ ಬಾಯಿಗೆ ಬಂತು.

ಅವಳು ಎಲ್ಲ ಕೇಳಿ, "ಒಂದ್ ಮಾತ್ ನನ್ನ ಕೇಳಬೇಕಿತ್ರಿ ಯಪ್ಪಾ," ಎಂದಳು. ಆಮೇಲೆ ಕಾಕುವಿನ ಕಡೆ ತಿರುಗಿ, "ಇವತ್ತ ಬಂದಿತ್ತೇನ್ರಿ ಯವ್ವಾ?"

ಕಾಕು ಇಲ್ಲವೆಂದು ತಲೆಯಾಡಿಸಿದರು.

"ಮಣ್ಣ ಕೆದರಬೇಕ್ರಿ. ಊರಾಗ ನೇಗಲಾ ಹೂಡಿದ್ರ ಹಿಂದಿಂದ ಬರ್ತಾವಲ್ರಿ ಅವು, ಹುಳಾ ಹುಪ್ಪಡಿ ಸಿಗ್ತಾವಂತ. ನೀವು ದಸರಾಕ್ಕ ನೋಡಬೇಕು ಅಂದಿದ್ರಿ. ಅದಕ್ಕಂತ ನಾ ದಿನಾ ಕೆದರಿ ರೂಢಿ ಹಾಕಿದ್ನಿರಿ. ಇವತ್ತ ಮುಂಜಾನಿ ಒಂದೀಟು ಜಾಸ್ತಿ ಕೆದರಬೇಕಂತ ಮಾಡಿದ್ದೆ."

ಅದಕ್ಕೇ ಅವಳು ದಸರಾ ಯಾವತ್ತು ಎಂದು ಕೇಳಿದ್ದು. ಕೂಲಿ ಕೇಳದಿದ್ದದ್ದೂ ಕಾಕುವಿನ ಮೇಲಿನ ಅಕ್ಕರೆಗೇ. ಕಾಕಾರ ಷರಾದ "ಯಾಕೆ"ಗೆ ಉತ್ತರ ಅಲ್ಲಿ ಗೇಟಿನ ಆಚೆ ಕೆಸರು ಕಾಲಿನಲ್ಲಿ ನಿಂತಿತ್ತು.

"ವಾಪಸ್ ಬಾರವ್ವ," ಎಂದರು ಕಾಕಾ. "ಸೂಪರ್‌ವೈಸರ್‌ಗೆ ನಾ ಹೇಳ್ತೀನಿ. ನೀರು ನಾ ತುಂಬಿ ಕೊಡ್ತೀನಿ."

"ಒಲ್ಲೆರಿ ಯಪ್ಪಾ. ನಾಳಿ ಮತ್ತೇನರ ಕಾಣಿಸಿದ್ರ ಮತ್ತ ತಗಡ ಹೊರಬೇಕು." ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ, ಲೆಕ್ಕ ಮುಗಿಸಿದವಳ ಹಾಗೆ ಹೇಳಿದಳು. "ಪುಂಡಿ ಕೊಯ್ಕೊಳ್ರಿ ಯವ್ವಾ, ಬಲಿತ್ರ ಚೊಲೋ ಆಗಂಗಿಲ್ಲ."

ಬನ್ನಿಯನ್ನು ಚಿಕ್ಕವರು ಹಿರಿಯರಿಗೆ ಕೊಟ್ಟು ಕಾಲಿಗೆ ಬೀಳುವುದು ನಮ್ಮಲ್ಲಿ ರೂಢಿ. ಅವತ್ತು ಕಾಕಾ ತಾವೇ ಟೊಂಗೆಯಿಂದ ಎಲೆ ಬಿಡಿಸಿ, ಟೋಪಿ ತೆಗೆದು, ಎರಡೂ ಕೈಯಲ್ಲಿ ಅವಳಿಗೆ ಚಾಚಿದರು. "ಬಂಗಾರದಂಗ ಇರವ್ವ," ಎಂದರು. ಅವಳು ಸೀರೆಗೆ ಕೈ ಒರೆಸಿಕೊಂಡು ತೆಗೆದುಕೊಂಡಳು, ಹಣೆಗೆ ಮುಟ್ಟಿಸಿ ಮುಷ್ಟಿ ಮುಚ್ಚಿದಳು. ಕಾಕುವಿಗೆ ಕೈಮುಗಿದು ಒಳಗೆ ಹೊರಟಳು.

ಗಾರ್ಡು ಅಡ್ಡ ಬಂದ. ಕೈಯಲ್ಲೇನಿದೆ ಎಂದು ಕೇಳಿದ.

ಅವಳು ಮುಷ್ಟಿ ಬಿಚ್ಚಿ ತೋರಿಸಿದಳು. ಅವನು ಎಲೆಗಳನ್ನು ಬೆರಳಿನಿಂದ ಕೆದಕಿ ನೋಡಿದ, ಕೆಳಗೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೋಗು ಎಂದು ತಲೆಯಾಡಿಸಿದ.

"ಬನ್ನಿ ಎಲಿ ಅದಪ್ಪಾ," ಕಾಕಾ ಈಚೆಯಿಂದ ಕನ್ನಡದಲ್ಲೇ ಕೂಗಿದರು. "ಬರೀ ಎಲಿ. ಬಿಡಪ್ಪಾ ಆಕಿನ್ನ."

"ರೂಲ್ ಹೈ ಚಾಚಾ," ಎಂದ ಅವನು.

ಆ ರೂಲು ಕಾಕಾರಿಗೆ ಗೊತ್ತಿತ್ತು.